ಗೆದ್ದವರು ಗುಡಿಸಬೇಕು

ಈಗ ಟೆನಿಸ್ ಕಲಿಯಲು ಬರುವ ಹುಡುಗಿಯರು ನನ್ನನ್ನು ನೂರೆಂಟು ಪ್ರಶ್ನೆ ಕೇಳುತ್ತಾರೆ. ಯಾವ ರ‍್ಯಾಕೆಟ್ ಕೊಳ್ಳಬೇಕು, ಒಂದು ಕೈಯಲ್ಲಿ ಹೊಡೆಯಬೇಕೋ ಎರಡರಲ್ಲೋ, ಬೆಳಿಗ್ಗೆ ಎದ್ದು ಏನು ತಿನ್ನಬೇಕು. ಅವರ ತಾಯಂದಿರು ಇನ್ನೂ ನೂರೆಂಟು ಕೇಳುತ್ತಾರೆ. ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಮಾತ್ರ ಇಷ್ಟು ವರ್ಷಗಳಲ್ಲಿ ಯಾರೂ ಕೇಳಲಿಲ್ಲ: ಸೋತ ದಿನ ಸಂಜೆ ಏನು ಮಾಡಬೇಕು ಮೇಡಂ?

ಈ ವೃತ್ತಿಯೆಂದರೆ ಬಹುಪಾಲು ಅದೇ. ಮೂವತ್ತೆರಡು ಜನ ಆಡುವ ಟೂರ್ನಿಯಲ್ಲಿ ಮೂವತ್ತೊಂದು ಜನ ಸೋತೇ ಮನೆಗೆ ಹೋಗಬೇಕು. ಸೋಮವಾರ ಶುರುವಾದರೆ ಮಂಗಳವಾರ ಸಂಜೆಯೊಳಗೆ ಅರ್ಧ ಜನ ಚೀಲ ಕಟ್ಟಿರುತ್ತಾರೆ. ಮುಂದಿನ ಟೂರ್ನಿ ಮುಂದಿನ ಸೋಮವಾರ, ಇನ್ನಾವುದೋ ಊರಿನಲ್ಲಿ. ನಡುವಿನ ದಿನಗಳನ್ನು ಗುರುತಿಲ್ಲದ ಬೀದಿಗಳಲ್ಲಿ, ಬಟ್ಟೆ ಒಗೆಯುತ್ತಾ, ಕಿಟಕಿಯಾಚೆ ನೋಡುತ್ತಾ ಕಳೆಯಬೇಕು. ಟಿವಿಯಲ್ಲಿ ತೋರಿಸುವ ಟೆನಿಸ್ ಆ ಉಳಿದ ಒಬ್ಬಳದು. ನನಗೆ ಗೊತ್ತಿರುವುದು ಮೂವತ್ತೊಂದು ಜನರ ಟೆನಿಸ್. ಅದನ್ನು ಹೇಳುವವರು ಯಾರೂ ಇಲ್ಲವಾದ್ದರಿಂದ ನಾನು ಹೇಳುತ್ತಿದ್ದೇನೆ. ಓದಿ ಹುಮ್ಮಸ್ಸು ಬರುತ್ತದೆ ಎಂದು ಕಾಯಬೇಡಿ.

ನಮ್ಮಪ್ಪ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಹಿಂದಿನ ಸಾಲಿನಲ್ಲಿ ನಮ್ಮ ಮನೆ. ನೌಕರರ ಕ್ಲಬ್ಬಿನಲ್ಲಿ ಕೆಮ್ಮಣ್ಣಿನ ಎರಡು ಅಂಕಣಗಳಿದ್ದವು. ಆಫೀಸರುಗಳು ಸಂಜೆ ಆಡುತ್ತಿದ್ದರು, ಬೆಳಿಗ್ಗೆ ನಮ್ಮಂಥ ಮಕ್ಕಳಿಗೆ. ನಮಗೆ ಕಲಿಸುತ್ತಿದ್ದವರು ಹಲಸೂರಿನ ಒಬ್ಬ ನಿವೃತ್ತ ಮೇಜರ್. ಮನೆಮಾತು ತಮಿಳು, ಬೈಗುಳ ಹಿಂದಿ, ಪಾಠ ಇಂಗ್ಲಿಷು, ಪ್ರೀತಿ ಬಂದಾಗ ಮಾತ್ರ ಕನ್ನಡ. ಹಾಗಾಗಿ ಅವರ ಕನ್ನಡ ನಾವು ಕೇಳಿದ್ದು ಕಡಿಮೆ.

ಅವರ ಹತ್ತಿರ ಒಂದು ಕಟ್ಟಳೆಯಿತ್ತು. ಬೇರೆ ಕ್ಲಬ್ಬುಗಳಲ್ಲಿ ಆಟ ಮುಗಿದ ಮೇಲೆ ಅಂಕಣ ಸರಿಪಡಿಸುವುದು ಮಾಲಿಯ ಕೆಲಸ, ಅಥವಾ ಸೋತವರದು. ನಮ್ಮಲ್ಲಿ ತಿರುಗಾಮುರುಗಾ. ಗೆದ್ದವಳು ಗುಡಿಸಬೇಕು. ಕೊನೆಯ ಚೆಂಡು ಮುಗಿದ ತಕ್ಷಣ ಗೆರೆಯ ಬಳಿ ಬಿದ್ದ ಕುಳಿಗಳನ್ನೆಲ್ಲ ಕಾಲಿನಿಂದ ಸವರಿ ಮುಚ್ಚಬೇಕು, ಆಮೇಲೆ ನೆಟ್ಟಿನ ಹತ್ತಿರ ಹೋಗಿ ಕೈ ಕುಲುಕಬೇಕು, ಆಮೇಲೆ ಹಗ್ಗ ಕಟ್ಟಿದ ಗೋಣಿತಟ್ಟನ್ನು ಅಂಕಣದ ತುಂಬ ಎಳೆಯಬೇಕು.

"ಮೊದ್ಲು ಕೋರ್ಟು, ಆಮೇಲೆ ಕೈ," ಎನ್ನುತ್ತಿದ್ದರು ಮೇಜರ್. "ಗೆದ್ದೋರು ಗುಡಿಸ್ಬೇಕು. ಸೋತೋರು ನೀರ್ ಕುಡೀಬೇಕು. ಅಷ್ಟೇ ರೂಲು. ತಲೆ ತಿರ್ಗೋದು ಗೆದ್ದೋರ್ಗೆ ಅಲ್ವಾಮ್ಮಾ? ಸೋತೋರ್ಗೆ ಇರೋದೇ ಸಾಕು."

ಆಗ ನಮಗದು ಬಹಳ ದೊಡ್ಡ ಮಾತಾಗಿ ಕೇಳಿಸುತ್ತಿತ್ತು. ನಾನು ಗುಡಿಸಿದ್ದು ಅಪರೂಪ. ನೀರು ಕುಡಿದೂ ಕುಡಿದೂ ಹೊಟ್ಟೆ ಕೆರೆಯಾಗಿತ್ತು.

ನನ್ನ ಮೊದಲ ಹೊರಊರಿನ ಟೂರ್ನಿಯ ಕಥೆ ಹೇಳಿದರೆ ನಿಮಗೆ ನನ್ನ ಯೋಗ್ಯತೆ ಗೊತ್ತಾಗುತ್ತದೆ. ಕೃಷ್ಣರಾಜಪುರದಲ್ಲಿ ರೈಲು ಹತ್ತಿ ಮದ್ರಾಸಿಗೆ ಹೋದೆ. ನನ್ನ ಪಂದ್ಯಕ್ಕಿಂತ ಮೊದಲಿನ ಪಂದ್ಯ ಎರಡು ಗಂಟೆ ನಡೆಯುತ್ತದೆ ಎಂದುಕೊಂಡು ಎದುರಿನ ಹೋಟೆಲಿಗೆ ಹೋಗಿ ಇಡ್ಲಿಗೆ ಹೇಳಿದೆ. ಮೊದಲಿನ ಪಂದ್ಯದ ಹುಡುಗಿಗೆ ಕಾಲು ಉಳುಕಿ ಆಟ ಅರ್ಧಕ್ಕೇ ನಿಂತಿತು. ನನ್ನ ಹೆಸರು ಕರೆದರು, ಕಾದರು, ಹೊಡೆದು ಹಾಕಿದರು. ನಾನು ಬಾಯಿ ಒರೆಸಿಕೊಂಡು ಬರುವಷ್ಟರಲ್ಲಿ ಎದುರಾಳಿ ಗೆದ್ದು ಸ್ನಾನಕ್ಕೆ ಹೋಗಿದ್ದಳು. ಒಂದು ಚೆಂಡನ್ನೂ ಹೊಡೆಯದೆ ಸೋತು ರೈಲಿನಲ್ಲಿ ಹಿಂದಿರುಗಿದೆ. ಅಮ್ಮ ಬಾಗಿಲಲ್ಲೇ ಕೇಳಿದಳು, "ಹೋಗಿ ಬಂದ್ಯಾ? ಆಡ್ದ್ಯಾ?" ಇಡ್ಲಿ ಚೆನ್ನಾಗಿತ್ತು ಎಂದೆ.

ಆಮೇಲೂ ಸುಧಾರಿಸಿದೆ ಎಂದೇನೂ ಇಲ್ಲ. ಮಂಗಳವಾರ ಸೋಲುವುದೂ ಒಂದು ಅಂತಸ್ತು. ಮುಖ್ಯ ಸುತ್ತಿಗೆ ಬಂದವರಿಗೆ ಮಾತ್ರ ಆ ಭಾಗ್ಯ. ನಾನು ಅರ್ಹತಾ ಸುತ್ತಿನಲ್ಲಿ ಶನಿವಾರವೇ ಮುಗಿದುಹೋಗುತ್ತಿದ್ದೆ. ಡಬಲ್ಸ್ ಇದ್ದರೆ ಮಾತ್ರ ಊರಿನಲ್ಲಿ ಉಳಿಯಲು ಒಂದು ನೆಪ. ಡಬಲ್ಸ್‌ಗೆ ಹೆಸರು ಕೊಡುವ ಮೇಜಿನ ಸುತ್ತ ಜೊತೆ ಸಿಗದವರೆಲ್ಲ ಸುಳಿದಾಡುತ್ತಿರುತ್ತಾರೆ. ಹೆಣ್ಣು ನೋಡಲು ಬಂದವರ ಹಾಗೆ ಒಬ್ಬರನ್ನೊಬ್ಬರು ಅಳೆಯುತ್ತಾರೆ. ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ, ನಮ್ಮ ಕಂಟೋನ್ಮೆಂಟಿನದೇ ಒಂದು ಕ್ಲಬ್ಬಿನಲ್ಲಿ, ಹಾಗೆ ನಿಂತಿದ್ದಾಗ ಗುಲ್ನೋರಾ ಸಿಕ್ಕಳು.

ಉಜ್ಬೇಕಿಸ್ತಾನದ ಫರ್ಗಾನಾ ಕಡೆಯವಳು. ಗಿಡ್ಡ ದೇಹ, ಗಟ್ಟಿ ಭುಜ, ಒಂದೇ ಜಡೆ. ಪುಟ್ಟ ಹುಡುಗಿಯಾಗಿದ್ದಾಗ ಸರಕಾರದ ಕ್ರೀಡಾ ಶಾಲೆಗೆ ಸೇರಿಸಿದ್ದರಂತೆ. ನೋಡನೋಡುತ್ತಿದ್ದಂತೆ ಸೋವಿಯತ್ ದೇಶವೇ ಮುಗಿದುಹೋಗಿ, ಶಾಲೆಯ ತರಬೇತುದಾರರು ಒಬ್ಬೊಬ್ಬರಾಗಿ ರಷ್ಯಾಕ್ಕೆ ಹೋಗಿ, ಕೊನೆಗೆ ಹುಡುಗಿಯರೇ ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತಿದ್ದರಂತೆ. ಚಳಿಗಾಲದಲ್ಲಿ ವ್ಯಾಯಾಮಶಾಲೆಯ ಮರದ ನೆಲದ ಮೇಲೆ ಆಟ. ಕೆಮ್ಮಣ್ಣಿನ ಅಂಕಣವನ್ನು ಅವಳು ಸರಿಯಾಗಿ ನೋಡಿದ್ದೇ ಇಲ್ಲಿ.

"ಯು ನೋ ಪಾರ್ಟ್ನರ್?" ಎಂದಳು.

"ಮೀ ನೋ ಪಾರ್ಟ್ನರ್," ಎಂದೆ. ಮದುವೆ ಮುಗಿಯಿತು.

ಆ ವಾರ ಮೊದಲ ಸುತ್ತಿನಲ್ಲೇ ಸೋತೆವು. ತಪ್ಪೆಲ್ಲ ಅಂಕಣದ್ದು, ಉಬ್ಬು ತಗ್ಗು ಎಂದು ನಾನು ಗೊಣಗಿದೆ. ಬೇಲಿಯ ಹೊರಗಿದ್ದ ಮೇಜರ್, "ಕುಣಿಯಕ್ ಬರ್ದೋಳು ನೆಲ ಡೊಂಕು ಅಂದ್ಳಂತೆ," ಎಂದು, ಕಲಿತ ಒಂದೇ ಒಂದು ಕನ್ನಡ ಗಾದೆಯನ್ನು ನನ್ನ ಮೇಲೆ ಖರ್ಚು ಮಾಡಿದರು. ಆಮೇಲೆ ಗುಲ್ನೋರಾಳ ಕಡೆ ತಿರುಗಿ, ನಾಳೆ ಬೆಳಿಗ್ಗೆ ನಮ್ಮ ಕ್ಲಬ್ಬಿಗೆ ಬಾ ಎಂದರು. ಅವಳ ಆಟದಲ್ಲಿ ನನ್ನಲ್ಲಿಲ್ಲದ್ದು ಏನೋ ಅವರಿಗೆ ಕಂಡಿತ್ತು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಅಂದಿನಿಂದ ಮೂರು ಚಳಿಗಾಲ ಅವಳು ಬಂದಳು. ನಮ್ಮ ದೇಶದ ಸಣ್ಣ ಟೂರ್ನಿಗಳ ಸರಣಿಗೆ ಬಂದವಳು ನಡುನಡುವೆ ಬೆಂಗಳೂರಿನಲ್ಲಿ ಉಳಿದು ಮೇಜರ್ ಹತ್ತಿರ ಕಲಿಯುತ್ತಿದ್ದಳು. ಶಿವಾಜಿನಗರದಲ್ಲಿ ಖೈರುನ್ನಿಸಾ ಎಂಬ ವಿಧವೆಯ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗೆ ಇರುತ್ತಿದ್ದಳು. ಸೋತ ಮಂಗಳವಾರಗಳಲ್ಲಿ ನಾವಿಬ್ಬರೂ ರಸೆಲ್ ಮಾರ್ಕೆಟ್ಟಿನಲ್ಲಿ ಅಲೆಯುತ್ತಿದ್ದೆವು. ಅವಳು ದಾಳಿಂಬೆಯ ಮೇಲೆ ಬೆರಳಿಟ್ಟು "ಅನೋರ್" ಎಂದರೆ ಅಂಗಡಿಯವನು "ಹೌ, ಅನಾರ್" ಎನ್ನುತ್ತಿದ್ದ. ಈರುಳ್ಳಿ ತೋರಿಸಿ "ಪಿಯೋಜ್" ಎಂದರೆ "ಪ್ಯಾಜ್" ಎನ್ನುತ್ತಿದ್ದ. ಹತ್ತಿರದವರನ್ನು ಕಂಡವಳ ಹಾಗೆ ಅವಳ ಮುಖ ಅರಳುತ್ತಿತ್ತು. ಇಲ್ಲೇ ಹುಟ್ಟಿ ಬೆಳೆದ ನನಗಿಂತ ಬೇಗ ಅವಳಿಗೆ ಶಿವಾಜಿನಗರ ಒಗ್ಗಿತು.

ಒಮ್ಮೆ ಅವಳು ತಮ್ಮೂರ ಪಲೋವ್ ಮಾಡುತ್ತೇನೆಂದು ಅಡುಗೆಮನೆ ಹಿಡಿದಳು. ಅಕ್ಕಿಯಷ್ಟೇ ಕ್ಯಾರೆಟ್ ಹೆಚ್ಚಿ ಹಾಕಿದ್ದನ್ನು ನೋಡಿ ಖೈರುನ್ನಿಸಾ ಆಂಟಿ ಹಣೆ ಚಚ್ಚಿಕೊಂಡರು.

"ಏನಮ್ಮಾ ಸುಧಾ, ನಿನ್ ಫ್ರೆಂಡು ಬಿರಿಯಾನೀಗೆ ಗಾಜರ್ ಹಾಕ್ತಾಳಲ್ಲಾ! ತೋಬಾ ತೋಬಾ. ಕೈಕು ಬೇಟಿ? ಗೋಷ್ ಕಮ್ಮಿ ಹೈ ಕ್ಯಾ?" ಮಾಂಸ ಸಾಲದ್ದಕ್ಕೆ ಕ್ಯಾರೆಟ್ ತುಂಬಿಸಿದ್ದಾಳೆ ಎಂದುಕೊಂಡಿದ್ದರು.

ತಿಂದ ಮೇಲೆ ಮಾತ್ರ ಸುಮ್ಮನಾದರು. ಮುಂದಿನ ಈದ್‌ಗೆ ಅವರೇ ಸ್ವಲ್ಪ ಗಾಜರ್ ಹಾಕಿದ್ದರಂತೆ. ನನ್ನ ವೃತ್ತಿಜೀವನದಲ್ಲಿ ನಾನು ಕಂಡ ಸ್ಪಷ್ಟವಾದ ಗೆಲುವು ಎಂದರೆ ಅದೊಂದೇ.

ಮೇಜರ್ ಅವಳನ್ನು ತಿದ್ದಿದರು. ಮಣ್ಣಿನ ಮೇಲೆ ಜಾರುವುದು, ಚೆಂಡನ್ನು ಕಾಯುವುದು ಹೇಳಿಕೊಟ್ಟರು. ಕ್ಲಬ್ಬಿನಲ್ಲಿ ನನ್ನನ್ನು ಅವಳು ಸೋಲಿಸದ ದಿನವಿರಲಿಲ್ಲ. ಹಾಗಾಗಿ ಗೋಣಿತಟ್ಟು ಎಳೆಯುವ ಕೆಲಸ ಅವಳಿಗೆ ಕಾಯಂ ಆಯಿತು. ಕೊನೆಯ ಚೆಂಡು ಬಿದ್ದ ಕೂಡಲೇ ಅವಳ ಕಾಲು ತಾನೇ ತಾನಾಗಿ ಮಣ್ಣು ಸವರತೊಡಗುತ್ತಿತ್ತು. "ಗೆದ್ದೋರು ಗುಡಿಸ್ಬೇಕು," ಎಂದು ಮೇಜರ್ ಧಾಟಿಯಲ್ಲೇ ಹೇಳಿ ನಗುತ್ತಿದ್ದಳು. ಅವಳಿಗೆ ಪೂರ್ತಿ ಬರುತ್ತಿದ್ದ ಕನ್ನಡ ಅಷ್ಟೇ. ಅದರಲ್ಲಿ ಅವಳಿಗೊಂದು ಹೆಮ್ಮೆಯಿತ್ತು. ಅವಳ ಶಾಲೆಯಲ್ಲಿ ಗೆದ್ದವರಿಗೆ ಕೊಡಲು ಏನೂ ಉಳಿದಿರಲಿಲ್ಲವಂತೆ. ಇಲ್ಲಿ ಒಂದು ಕೆಲಸವಾದರೂ ಕೊಡುತ್ತೀರಿ ಎನ್ನುತ್ತಿದ್ದಳು.

ಮೂರನೆಯ ಚಳಿಗಾಲಕ್ಕೆ ಅವಳ ಮುಂದೆ ಒಂದೇ ಗುರಿಯಿತ್ತು. ಆಗಿನ ನಿಯಮದಲ್ಲಿ ಮೂರು ಟೂರ್ನಿಗಳಲ್ಲಾದರೂ ಪಾಯಿಂಟ್ ಗಳಿಸಿದರೆ ಮಾತ್ರ ವಿಶ್ವ ರ‍್ಯಾಂಕಿಂಗಿನಲ್ಲಿ ಹೆಸರು ಬರುತ್ತಿತ್ತು. ಗಳಿಸಿದ ಪಾಯಿಂಟು ಒಂದು ವರ್ಷಕ್ಕೆ ಸತ್ತುಹೋಗುತ್ತದೆ. ಅವಳ ಬಳಿ ಎರಡು ಟೂರ್ನಿಗಳ ಪಾಯಿಂಟ್ ಇತ್ತು. ಅದರಲ್ಲಿ ಹಳೆಯದು ಇನ್ನೆರಡು ವಾರದಲ್ಲಿ ಸಾಯುವುದಿತ್ತು, ಅಷ್ಟರೊಳಗೆ ಉಳಿದಿದ್ದದ್ದು ಇದೊಂದೇ ಟೂರ್ನಿ. ಬೆಂಗಳೂರಿನ ಈ ಟೂರ್ನಿಯಲ್ಲಿ ಮುಖ್ಯ ಸುತ್ತಿನ ಒಂದು ಪಂದ್ಯ ಗೆದ್ದರೆ ಮೂರಾಗುತ್ತಿತ್ತು, ಹೆಸರು ಬರುತ್ತಿತ್ತು. ಹೆಸರು ಬಂದರೆ ಅವಳ ದೇಶದ ತಂಡದಲ್ಲಿ ಜಾಗ ಉಳಿಯುತ್ತಿತ್ತು. ಇಲ್ಲದಿದ್ದರೆ ಆ ಜಾಗ ಅವಳಿಗಿಂತ ಚಿಕ್ಕವಳೊಬ್ಬಳಿಗೆ ಎಂದು ಊರಿನಿಂದ ಫೋನಿನಲ್ಲಿ ಹೇಳಿಬಿಟ್ಟಿದ್ದರು.

"ತಂಡ ಇಲ್ಲ ಅಂದ್ರೆ ಏನ್ಮಾಡ್ತೀಯ?" ಎಂದು ಕೇಳಿದ್ದೆ.

"ಪಾಹ್ತಾ," ಎಂದಳು. ಹತ್ತಿ. ಪ್ರತಿವರ್ಷ ಹತ್ತಿ ಬಿಡಿಸುವ ಕಾಲಕ್ಕೆ ಅವರ ಊರಿನ ಶಾಲೆ, ಕಚೇರಿಗಳ ಜನರನ್ನೆಲ್ಲ ಹೊಲಕ್ಕೆ ಕಳಿಸುತ್ತಿದ್ದರಂತೆ. ತಂಡದಲ್ಲಿರುವವರಿಗೆ ಮಾತ್ರ ವಿನಾಯಿತಿ. ತನ್ನ ಅಕ್ಕನ ದಡ್ಡುಗಟ್ಟಿದ ಕೈಯನ್ನು ನೋಡಿದರೆ ರ‍್ಯಾಕೆಟ್ ಹಿಡಿದವಳು ಯಾರು ಎಂದು ಗೊಂದಲವಾಗುತ್ತದೆ ಎಂದಳು. ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ಹಲಸೂರು ಕೆರೆಯ ಕಡೆಯ ಒಂದು ಕ್ಲಬ್ಬು. ಮಂಗಳವಾರ ಬೆಳಿಗ್ಗೆ, ಹಿಂದಿನ ಸಾಲಿನ ಅಂಕಣ. ಎದುರಾಳಿ ಪುಣೆಯ ಎತ್ತರದ ಹುಡುಗಿ. ನಾನು ಎಂದಿನಂತೆ ಶನಿವಾರವೇ ಸೋತಿದ್ದೆ. ಸೋಮವಾರ ಡಬಲ್ಸ್‌ನಲ್ಲಿ ಇಬ್ಬರೂ ಸೇರಿ ಸೋತಿದ್ದೆವು. ಬೇಲಿಯ ಹೊರಗೆ ಕಲ್ಲುಬೆಂಚಿನ ಮೇಲೆ ನಾನು, ಮೇಜರ್, ಟಿಫಿನ್ ಡಬ್ಬಿ ಹಿಡಿದ ಖೈರುನ್ನಿಸಾ ಆಂಟಿ.

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ಸಣ್ಣ ಟೂರ್ನಿಗಳಲ್ಲಿ ಎಲ್ಲ ಅಂಕಣಕ್ಕೂ ಅಂಪೈರ್ ಇರುತ್ತಿರಲಿಲ್ಲ. ಒಬ್ಬರೇ ನಾಲ್ಕು ಅಂಕಣಗಳ ನಡುವೆ ಓಡಾಡುತ್ತಿದ್ದರು. ಹಾಗಾಗಿ ನಮ್ಮ ಕಡೆಯ ಗೆರೆಗೆ ನಾವೇ ನ್ಯಾಯಾಧೀಶರು. ಚೆಂಡು ಹೊರಗೆ ಬಿತ್ತೆಂದು ಕಂಡರೆ ಬೆರಳೆತ್ತಿ ಹೇಳಬೇಕು. ಎದುರಾಳಿಗೆ ಅನುಮಾನ ಬಂದರೆ ಮಣ್ಣಿನಲ್ಲಿ ಬಿದ್ದ ಗುರುತನ್ನು ತೋರಿಸಬೇಕು. ಗುರುತನ್ನು ಅಳಿಸಿದರೆ ಮಾತ್ರ ಕಥೆ ಮುಗಿಯಿತು. ಅಳಿಸಿದವಳು ಆ ಪಾಯಿಂಟನ್ನು ಬಿಟ್ಟುಕೊಟ್ಟ ಹಾಗೆ. ಟೂರ್ನಿ ಆಡುವ ಪ್ರತಿಯೊಬ್ಬಳಿಗೂ ಇದು ಗೊತ್ತು. ಗುಲ್ನೋರಾಳಿಗೂ ಗೊತ್ತಿತ್ತು.

ಒಂದೊಂದು ಸೆಟ್ ಹಂಚಿಹೋಯಿತು. ಮೂರನೆಯದರಲ್ಲಿ ಗುಲ್ನೋರಾ ಮುಂದಿದ್ದಳು. ಒಂದು ಪಾಯಿಂಟ್ ಬಂದರೆ ಪಂದ್ಯ ಅವಳದು. ಆಂಟಿ ಕಣ್ಣು ಮುಚ್ಚಿ ಏನೋ ಓದಿಕೊಳ್ಳುತ್ತಿದ್ದರು. ಪುಣೆಯ ಹುಡುಗಿ ಬಲವಾಗಿ ಹೊಡೆದಳು. ಚೆಂಡು ಗುಲ್ನೋರಾಳ ಹಿಂದಿನ ಗೆರೆ ದಾಟಿ ಬಿತ್ತು. ಒಂದು ಅಂಗೈ ಅಗಲ ಹೊರಗೆ. ನಾನು ಕಂಡೆ, ಮೇಜರ್ ಕಂಡರು. ಗುಲ್ನೋರಾ ಬೆರಳೆತ್ತಿದಳು.

ಗೆದ್ದೆವು ಎಂದು ನಾನು ಎದ್ದು ನಿಂತೆ. ಅವಳು ನಮ್ಮ ಕಡೆ ತಿರುಗಿದಳು. ಅಷ್ಟು ಅಗಲವಾಗಿ ನಕ್ಕಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ನಮ್ಮನ್ನೇ ನೋಡುತ್ತಾ, ನಗುತ್ತಲೇ, ಬಲಗಾಲಿನಿಂದ ಗೆರೆಯ ಹಿಂದಿನ ಮಣ್ಣನ್ನು ಸವರತೊಡಗಿದಳು. ಮೊದಲು ಕೋರ್ಟು, ಆಮೇಲೆ ಕೈ.

"ಅಯ್ಯೋ," ಎಂದರು ಮೇಜರ್. ಮೆಲ್ಲಗೆ, ಕನ್ನಡದಲ್ಲಿ.

ಪುಣೆಯ ಹುಡುಗಿ ನೆಟ್ಟಿನ ಹತ್ತಿರ ಬಂದು ಗುರುತು ತೋರಿಸು ಎಂದಳು. ಅವಳು ಕೆಟ್ಟವಳಲ್ಲ. ಅವಳಿದ್ದ ಕಡೆಯಿಂದ ಚೆಂಡು ಗೆರೆಯ ಮೇಲೆ ಬಿದ್ದಂತೆ ಕಂಡಿರಬಹುದು. ಅವಳ ಜಾಗದಲ್ಲಿ ನಾನಿದ್ದರೂ ಕೇಳುತ್ತಿದ್ದೆ. ಗುಲ್ನೋರಾ ಕೆಳಗೆ ನೋಡಿದಳು. ಕಾಲು ತೆಗೆದಳು. ಅಲ್ಲಿ ನುಣ್ಣಗೆ, ಈಗಷ್ಟೇ ಸಾರಿಸಿದ ಅಂಗಳದ ಹಾಗೆ, ಕೆಂಪು ಮಣ್ಣು.

ಅಂಪೈರ್ ಬಂದ. ಇನ್ನೂ ಚಿಕ್ಕ ವಯಸ್ಸಿನವನು, ಬೆವರುತ್ತಿದ್ದ. ಗುರುತು ಎಲ್ಲಿ ಎಂದ. ಅವಳು ಕಾಲಿನ ಹತ್ತಿರದ ಜಾಗ ತೋರಿಸಿ, "ಔಟ್. ಹಿಯರ್. ಔಟ್," ಎಂದಳು. ಅಳಿಸಿದ್ದು ಯಾರು ಎಂದ. "ಮೀ," ಎಂದಳು. ಏಕೆ ಎಂದು ಅವನು ಕೇಳಿದಾಗ ಅವಳ ಇಂಗ್ಲಿಷಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನಮ್ಮ ಕಡೆ ನೋಡಿದಳು.

ಬೇಲಿಯ ಹೊರಗಿನವರಿಗೆ ಕಣ್ಣಿರಬಹುದು, ಬಾಯಿರುವಂತಿಲ್ಲ. ಅದೂ ನಿಯಮ. ಮೇಜರ್ ಎದ್ದರು, ಬೇಲಿಯ ತಂತಿ ಹಿಡಿದರು, ಬಾಯಿ ತೆರೆದರು, ಮತ್ತೆ ಕೂತರು. ಜೀವಮಾನವಿಡೀ ನಿಯಮ ಹೇಳಿದ ಮನುಷ್ಯ.

"ಮೇಜರ್ ಸಾಬ್, ಬೋಲೋ ನಾ ಕುಚ್!" ಎಂದು ಆಂಟಿ ಅವರ ತೋಳು ಅಲುಗಿಸಿದರು. "ಬಚ್ಚಿ ಜೀತ್ ಗಯೀ ನಾ? ನಮ್ ಕಣ್ಣಲ್ಲೇ ನೋಡಿದ್ವಲ್ಲಾ!"

ಪಾಯಿಂಟ್ ಪುಣೆಯ ಹುಡುಗಿಗೆ ಹೋಯಿತು. ಅಂಪೈರ್ ಮಾಡಿದ್ದು ಸರಿ. ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವಂತಿಲ್ಲ, ಅದೇ ಇದರಲ್ಲಿರುವ ನರಕ. ಪಂದ್ಯವೇನೂ ಅಲ್ಲಿಗೇ ಮುಗಿದಿರಲಿಲ್ಲ; ಅವಳು ಗಟ್ಟಿಯಾಗಿ ನಿಂತಿದ್ದರೆ ಆಗಲೂ ಗೆಲ್ಲಬಹುದಿತ್ತು. ಆದರೆ ಮುಂದೆ ಆಡಿದ್ದು ಅವಳಾಗಿರಲಿಲ್ಲ. ಪ್ರತಿ ಚೆಂಡಿಗೂ ಮೊದಲು ತನ್ನ ಬಲಗಾಲನ್ನೇ ನೋಡುತ್ತಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಅವಳಿಗೆ ಬಾಯಿಗೂ ಬಂದಿತ್ತು.

ಮಾರನೆಯ ಬೆಳಿಗ್ಗೆ ನಮ್ಮ ಕ್ಲಬ್ಬಿನಲ್ಲಿ ಮೇಜರ್ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, "ಇನ್ಮೇಲೆ ಯಾರೂ ಗುಡಿಸ್ಬೇಡಿ. ಮಾಲಿ ಗುಡಿಸ್ತಾನೆ," ಎಂದರು. ಯಾಕೆ ಸಾರ್ ಎಂದು ಒಬ್ಬಳು ಕೇಳಿದಳು. ಗೋಣಿತಟ್ಟನ್ನು ಮಾಲಿಯ ಕೋಣೆಯೊಳಗೆ ಹಾಕಿಸಿದರು. ಒಳ್ಳೆಯ ಗುಣ ಕಲಿಸಿದ್ದೇ ಒಬ್ಬಳನ್ನು ಮುಳುಗಿಸಿತು ಎಂಬ ಕೊರಗು ಅವರನ್ನು ಬಿಡಲಿಲ್ಲ. ಬರಬರುತ್ತಾ ಕ್ಲಬ್ಬಿಗೆ ಬರುವುದೇ ಕಡಿಮೆಯಾಯಿತು. ಕೆಲವು ವರ್ಷಗಳಲ್ಲಿ ತೀರಿಕೊಂಡರು.

ಆಮೇಲೆ ನಾನೂ ಕಲಿಸುವವಳಾದೆ. ಇಂದಿರಾನಗರದ ಕಡೆ, ಲಿಂಗರಾಜಪುರದ ಕಡೆ, ಕರೆದಲ್ಲೆಲ್ಲ. ಮುಖ್ಯ ಕೋಚ್ ಎಂದು ಬೋರ್ಡು ಹಾಕಿದ್ದರು, ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಎರಡು ಸಾವಿರದ ಇಸವಿಯ ನಂತರ ಒಂದೊಂದೇ ಕ್ಲಬ್ಬು ಮಣ್ಣು ಅಗೆದು ಹಾಕಿ ಸಿಂಥೆಟಿಕ್ ನೆಲ ಮಾಡಿಸಿತು. ನಮ್ಮ ಕಾರ್ಖಾನೆಯ ಅಂಕಣವೂ ನೀಲಿಯಾಯಿತು. ನೀರು ಹಾಕಬೇಕಿಲ್ಲ, ರೋಲರ್ ಬೇಡ, ಗುಡಿಸಬೇಕಿಲ್ಲ. ಚೆಂಡು ಬಿದ್ದಲ್ಲಿ ಗುರುತೂ ಉಳಿಯುವುದಿಲ್ಲ. ಎಲ್ಲರಿಗೂ ಅನುಕೂಲ. ನನ್ನ ಮಂಡಿಗಳು ಮಾತ್ರ ಆ ಗಟ್ಟಿ ನೆಲದಲ್ಲಿ ಸವೆದು ಹೋದವು, ನಾನು ಆಡುವುದನ್ನು ನಿಲ್ಲಿಸಿ ಬಾಯಲ್ಲಷ್ಟೇ ಕಲಿಸತೊಡಗಿದೆ.

ಗುಲ್ನೋರಾ ಮುಂದಿನ ಚಳಿಗಾಲ ಬರಲಿಲ್ಲ. ಅದರ ಮುಂದಿನ ವರ್ಷ ತಾಷ್ಕೆಂಟಿನಿಂದ ಬಂದಿದ್ದ ಒಬ್ಬ ಹುಡುಗಿಯನ್ನು ಹಿಡಿದು ಕೇಳಿದೆ. ಗುಲ್ನೋರಾ ಫರ್ಗಾನಾದ ಹತ್ತಿರ ಯಾವುದೋ ಶಾಲೆಯಲ್ಲಿ ವ್ಯಾಯಾಮದ ಟೀಚರ್ ಆಗಿದ್ದಾಳೆ, ಹತ್ತಿಯ ಕಾಲಕ್ಕೆ ಮಕ್ಕಳ ಜೊತೆ ಹೊಲಕ್ಕೆ ಹೋಗುತ್ತಾಳೆ ಎಂದಳು. ಮತ್ತೆ ಯಾರೂ ಏನೂ ಹೇಳಲಿಲ್ಲ. ವಿಶ್ವ ರ‍್ಯಾಂಕಿಂಗಿನಲ್ಲಿ ಅವಳ ಹೆಸರು ಒಂದು ದಿನಕ್ಕೂ ಇರಲಿಲ್ಲ. ಹುಡುಕಿದರೆ ಸಿಗುವುದಿಲ್ಲ. ಸೋಲು ಪಾಠ ಕಲಿಸುತ್ತದೆ ಎಂದು ನಿಮಗೆ ಹೇಳುವವರಿದ್ದಾರೆ. ಅವಳು ಯಾವ ಪಾಠ ಕಲಿಯಬೇಕಿತ್ತು ಎಂದು ನಾನು ಇಷ್ಟು ವರ್ಷ ಯೋಚಿಸಿದ್ದೇನೆ. ನನಗೆ ಹೊಳೆದಿಲ್ಲ.

ಸೋತ ದಿನ ಸಂಜೆ ಏನು ಮಾಡಬೇಕು ಎಂಬ ಪ್ರಶ್ನೆಗೂ ನನ್ನಲ್ಲಿ ಉತ್ತರವಿಲ್ಲ. ಅವಳು ಏನು ಮಾಡಿದಳು ಎಂದು ಮಾತ್ರ ಹೇಳಬಲ್ಲೆ.

ಆ ಮಂಗಳವಾರ ಮಧ್ಯಾಹ್ನವೆಲ್ಲ ನಾವು ಕ್ಲಬ್ಬಿನ ಮರದ ಕೆಳಗೆ ಕೂತಿದ್ದೆವು. ಆಂಟಿಯ ಡಬ್ಬಿಯನ್ನು ಯಾರೂ ತೆರೆಯಲಿಲ್ಲ. ಮೇಜರ್ ಹೇಳದೆ ಕೇಳದೆ ಹೊರಟುಹೋಗಿದ್ದರು. ಬಿಸಿಲು ಇಳಿದು ಹಿಂದಿನ ಅಂಕಣ ಖಾಲಿಯಾದಾಗ ಗುಲ್ನೋರಾ ಎದ್ದು ಹೋಗಿ, ಬೇಲಿಗೆ ಒರಗಿಸಿದ್ದ ಗೋಣಿತಟ್ಟಿನ ಹಗ್ಗವನ್ನು ಹೆಗಲಿಗೆ ಹಾಕಿಕೊಂಡಳು.

"ಬುಡಮ್ಮಾ, ನಾನ್ ಮಾಡ್ತೀನಿ," ಎಂದ ಮಾಲಿ.

ಅವಳಿಗೆ ಅರ್ಥವಾಗಲಿಲ್ಲವೋ, ಅರ್ಥವಾಗಿಯೂ ಬಿಡಲಿಲ್ಲವೋ. ಮೊದಲು ತನ್ನ ಅರ್ಧ ಎಳೆದಳು. ಆಮೇಲೆ ಎದುರಾಳಿಯ ಅರ್ಧವನ್ನೂ ಎಳೆದಳು. ನಾನು ಒಳಗೆ ಹೋಗಿ ಅವಳ ಭುಜ ಹಿಡಿದೆ.

"ಬಿಡು ಗುಲ್ನೋರಾ. ನೀನಲ್ಲ ಗುಡಿಸ್ಬೇಕಾದ್ದು."

ಅವಳು ನನ್ನ ಕೈ ಸರಿಸಿದಳು. ಬೆಂಚಿನ ಮೇಲಿದ್ದ ನೀರಿನ ಬಾಟಲಿ ತಂದು ನನ್ನ ಕೈಯಲ್ಲಿಟ್ಟಳು. "ಯು, ವಾಟರ್," ಎಂದಳು. ಆಮೇಲೆ ತನಗೆ ಪೂರ್ತಿ ಬರುತ್ತಿದ್ದ ಆ ಒಂದೇ ಕನ್ನಡ ಮಾತನ್ನು, ಒಂದೊಂದೇ ಪದವಾಗಿ, ಅಳದೆ ಹೇಳಿದಳು.

"ಗೆದ್ದೋರು ಗುಡಿಸ್ಬೇಕು."

ಮತ್ತೆ ಹಗ್ಗ ಎಳೆದುಕೊಂಡು ಹೊರಟಳು. ನಾನು ಅಲ್ಲೇ ನಿಂತು ನೀರು ಕುಡಿದೆ.